ಅರಿವಿನ ಓಟ, ಕೈಯ ನಡಿಗೆ

ಮಕ್ಕಳು ಜಾಣರಾಗಬೇಕೆಂಬುದು ಎಲ್ಲ ತಾಯಿತಂದೆಗಳ ಹಂಬಲ. ನಮ್ಮ ಸಮಾಜದ ಮನೆಗಳಲ್ಲಿ ವಿದ್ಯೆಯ ಮೇಲಿನ ಅಕ್ಕರೆ ಇಂದು ನಿನ್ನೆಯದಲ್ಲ. ೧೯೧೬ರಲ್ಲಿ ಏಳು ಜನ ತರುಣ ಅಧ್ಯಾಪಕರು ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಲು ಹೊರಟಾಗ ದಾನಿಗಳು ತಮ್ಮ ಸಿರಿಯನ್ನೂ ಅಧ್ಯಾಪಕರು ತಮ್ಮ ಬಾಳನ್ನೂ ಅದಕ್ಕೆ ಧಾರೆಯೆರೆದರು. ನಾಗನೂರು ರುದ್ರಾಕ್ಷಿಮಠದ ಪ್ರಸಾದನಿಲಯದಲ್ಲಿ ಉಂಡು ಕಲಿತ ಬಡಮಕ್ಕಳು ಮುಂದೆ ತಮ್ಮ ತಮ್ಮ ಊರುಗಳಿಗೆ ಬೆಳಕಾದರು. ಇಂಥ ಪರಂಪರೆಯ ಮನೆಯಲ್ಲಿ ಮೂರು ವರ್ಷದ ಕೂಸು ಅಂಗಡಿಯ ಫಲಕಗಳನ್ನು ತಾನಾಗಿ ಓದತೊಡಗಿದರೆ, ಐದು ವರ್ಷದ ಮಗು ಬಾಯಿಲೆಕ್ಕದಲ್ಲಿ ಅಜ್ಜನನ್ನು ಸೋಲಿಸಿದರೆ, ಆ ದಿನ ಮನೆಗೆ ಹಬ್ಬ.

ಆದರೆ ಅದೇ ಮಗು ಏಳು ವರ್ಷಕ್ಕೆ ಕಾಲಿಟ್ಟರೂ ಅಂಗಿಯ ಗುಂಡಿ ಹಾಕಿಕೊಳ್ಳಲಾರದೆ ನಿಂತಾಗ, ಬೂಟಿನ ದಾರ ಬಿಗಿಯಲು ಅಮ್ಮನನ್ನು ಕೂಗಿದಾಗ, ಎಸೆದ ಚೆಂಡು ಕೈಗೆ ಸಿಗದೆ ಗೆಳೆಯರ ನಗೆಗೀಡಾದಾಗ, ಪುಟದ ಮೇಲಿನ ಅಕ್ಷರಗಳು ಒಂದಕ್ಕೊಂದು ಡಿಕ್ಕಿ ಹೊಡೆದು ಬಿದ್ದಂತೆ ತೋರಿದಾಗ, ಮನೆಯವರಿಗೆ ದಿಗಿಲಾಗುತ್ತದೆ. 'ಇಷ್ಟೆಲ್ಲ ಬಲ್ಲವನಿಗೆ ಇಷ್ಟೂ ಬಾರದೆ?' ಎಂಬ ಪ್ರಶ್ನೆ ಹುಟ್ಟುತ್ತದೆ. ಪ್ರಶ್ನೆ ಸಹಜವಾದುದೇ. ಆದರೆ ಅದಕ್ಕೆ ಅವಸರದಿಂದ ಕೊಡುವ ಉತ್ತರಗಳು, ಅಂದರೆ ಸೋಮಾರಿತನ, ಹಟ, ಅಲಕ್ಷ್ಯ, ಸೊಕ್ಕು ಎಂಬ ಹೆಸರುಗಳು, ಮಗುವಿನ ಬಾಳಿಗೆ ಬಹಳ ಕೇಡು ಮಾಡುತ್ತವೆ. ಆದುದರಿಂದ ಈ ತಿಂಗಳ ಅಂಕಣವನ್ನು ಚುರುಕು ಬುದ್ಧಿಯ ಮಕ್ಕಳ ಕೈಕಾಲುಗಳ ವಿಚಾರಕ್ಕೆ ಮೀಸಲಿರಿಸಿದ್ದೇವೆ.

ಒಂದೇ ಮಗು, ಎರಡು ವಯಸ್ಸು

ಖಾನಾಪುರ ತಾಲೂಕಿನ ಒಂದು ಹಳ್ಳಿಯ ತಾಯಿಯೊಬ್ಬರು ನಾಲ್ಕನೆಯ ತರಗತಿಯ ಮಗನನ್ನು ಕರೆದುಕೊಂಡು ನಮ್ಮಲ್ಲಿಗೆ ಬಂದಿದ್ದರು. "ಗುರುಗಳ, ಇವನ ಬುದ್ಧಿ ಎಲ್ಲಾ ಕೇಳತೈತಿ. ಕೈ ಒಂದು ಇವನ ಮಾತು ಕೇಳೂದಿಲ್ರಿ" ಎಂದರು. ಹುಡುಗನನ್ನು ಮಲಪ್ರಭೆಯ ವಿಷಯವಾಗಿ ಮಾತನಾಡಿಸಿದೆವು. ಅದು ತಮ್ಮ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಖಾನಾಪುರದ ಮಗ್ಗುಲಲ್ಲಿ ಹರಿದು, ಸವದತ್ತಿಯ ಬಳಿ ನವಿಲುತೀರ್ಥದ ಆಣೆಕಟ್ಟಿನಲ್ಲಿ ತಂಗಿ, ಬಸವಣ್ಣನವರು ಐಕ್ಯರಾದ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡುವುದೆಂದು ಒಂದೂ ತಪ್ಪಿಲ್ಲದೆ ಹೇಳಿದನು. ಅದೇ ಪ್ರಶ್ನೆಗೆ ಶಾಲೆಯ ಪರೀಕ್ಷೆಯಲ್ಲಿ ಅವನು ಬರೆದ ಉತ್ತರವನ್ನು ತಾಯಿ ತೋರಿಸಿದರು. ಅಲ್ಲಿ 'ನದಿ' ಎಂಬ ಒಂದೇ ಪದವಿತ್ತು. ಉಳಿದುದೇಕೆ ಬರೆಯಲಿಲ್ಲವೆಂದು ಕೇಳಿದಾಗ ಹುಡುಗ ಬಹಳ ಹೊತ್ತು ನೆಲ ನೋಡಿ, "ಬರಿಯೂದಕ್ಕಿಂತ ಗೊತ್ತಿಲ್ಲ ಅನ್ನೂದು ಹಗುರ ಐತ್ರಿ, ಅಜ್ಜಾರ" ಎಂದನು.

ಹಿರಿಯರು ಈ ಮಾತನ್ನು ಎರಡು ಸಲ ಓದಬೇಕೆಂದು ನಮ್ಮ ಬಿನ್ನಹ. ಬಲ್ಲ ಮಗು ತಾನು ಅರಿಯದವನೆಂದು ಹೇಳಿಕೊಳ್ಳುವುದನ್ನು ಕಲಿಯುತ್ತಿದೆ. ಕೈಯ ನೋವನ್ನು ತಪ್ಪಿಸಿಕೊಳ್ಳಲು ಅದು ತನ್ನ ಅರಿವನ್ನೇ ಅಡಗಿಸಿಡುತ್ತಿದೆ. ವರ್ಷಗಟ್ಟಲೆ ಹೀಗೆ ನಡೆದರೆ, ಅಡಗಿಸಿಟ್ಟುದು ಕೊನೆಗೆ ತನಗೂ ಸಿಗದಂತಾಗುವುದೆಂಬ ಭಯ ನಮ್ಮನ್ನು ಕಾಡಿತು.

ಇದೊಂದು ಮನೆಯ ಕಥೆಯಷ್ಟೇ ಅಲ್ಲ. ಅಮೆರಿಕೆಯ ಮನಶ್ಶಾಸ್ತ್ರಜ್ಞೆ ಲೀಟಾ ಹಾಲಿಂಗ್‌ವರ್ತ್ ಅವರು ಅಸಾಧಾರಣ ಬುದ್ಧಿಶಕ್ತಿಯ ಮಕ್ಕಳನ್ನು ಹಲವು ವರ್ಷ ಹತ್ತಿರದಿಂದ ಕಂಡವರು. ೧೯೩೯ರಲ್ಲಿ ಅವರು ತೀರಿಕೊಂಡ ಬಳಿಕ ೧೯೪೨ರಲ್ಲಿ ಅವರ ಅಧ್ಯಯನ ಗ್ರಂಥರೂಪದಲ್ಲಿ ಹೊರಬಂದಿತು. ಇಂಥ ಮಕ್ಕಳ ವಿಚಾರವು ವಯಸ್ಸನ್ನು ಮೀರಿ ಮುಂದೋಡುತ್ತದೆ, ಆದರೆ ಕೈ ತನ್ನ ವಯಸ್ಸಿನಲ್ಲಿಯೇ ಇರುತ್ತದೆ, ಆದುದರಿಂದ ಬರವಣಿಗೆ ಅವರಿಗೆ ಬೇಸರದ ಹೊರೆಯಾಗುತ್ತದೆ ಎಂಬುದನ್ನು ಅವರು ಗುರುತಿಸಿದ್ದರು. ಮುಂದೆ ಫ್ರಾನ್ಸಿನ ಜಾನ್-ಶಾರ್ಲ್ ತೆರಾಸಿಯೆ ಎಂಬ ಮನಶ್ಶಾಸ್ತ್ರಜ್ಞರು ಒಂದೇ ಮಗುವಿನೊಳಗಿನ ಈ ಹೊಂದದ ನಡೆಗೆ 'ಅಸಮಗತಿ' ಎಂಬರ್ಥದ ಹೆಸರನ್ನಿಟ್ಟರು. ಎಂಟು ವರ್ಷದ ಮಗುವಿನಲ್ಲಿ ಹನ್ನೆರಡು ವರ್ಷದ ವಿಚಾರವೂ ಎಂಟು ವರ್ಷದ, ಕೆಲವೊಮ್ಮೆ ಆರು ವರ್ಷದ, ಬೆರಳುಗಳೂ ಒಟ್ಟಿಗೆ ವಾಸವಾಗಿರಬಹುದು. ಮನಸ್ಸಿನಲ್ಲಿ ಮೂಡಿದ ಆನೆಗೂ ಕಾಗದದ ಮೇಲೆ ಮೂಡಿದ ಆನೆಗೂ ಇರುವ ಅಂತರವನ್ನು ಸಾಮಾನ್ಯ ಮಗು ಅಷ್ಟಾಗಿ ಲೆಕ್ಕಿಸದು. ಚುರುಕು ಬುದ್ಧಿಯ ಮಗು ಅದನ್ನು ತಟ್ಟನೆ ಕಾಣುತ್ತದೆ, ನಾಚುತ್ತದೆ, ಕಾಗದವನ್ನು ಹರಿದು ಎಸೆಯುತ್ತದೆ. ಹಿರಿಯರಿಗೆ ಅದು ಸಿಟ್ಟಾಗಿ ಕಾಣುವುದು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸುವುದು ಅವಶ್ಯ. ಬುದ್ಧಿ ಹೆಚ್ಚಾದರೆ ಮೈ ಬಡವಾಗುವುದೆಂದು ಹಲವರ ನಂಬಿಕೆ. ಇದಕ್ಕೆ ಆಧಾರವಿಲ್ಲ. ಲೂಯಿಸ್ ಟರ್ಮನ್ ಎಂಬ ವಿದ್ವಾಂಸರು ೧೯೨೧ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರಂಭಿಸಿ ಸುಮಾರು ೧೫೦೦ ಪ್ರತಿಭಾವಂತ ಮಕ್ಕಳನ್ನು ದಶಕಗಳ ಕಾಲ ಅಭ್ಯಸಿಸಿದರು. ಒಟ್ಟಾರೆಯಾಗಿ ಆ ಮಕ್ಕಳು ಆರೋಗ್ಯದಲ್ಲಾಗಲಿ ಮೈಕಟ್ಟಿನಲ್ಲಾಗಲಿ ಇತರರಿಗಿಂತ ಕಡಿಮೆಯಾಗಿರಲಿಲ್ಲ. ಆದುದರಿಂದ ಜಾಣತನವು ಕೈಯ ಒರಟುತನಕ್ಕೆ ಕಾರಣವೆಂದು ಹೇಳುವಂತಿಲ್ಲ. ಎಲ್ಲ ಬಗೆಯ ಮಕ್ಕಳಲ್ಲಿಯೂ ಕೆಲವರ ಕೈ ನಿಧಾನ. ಜಾಣ ಮಗುವಿನಲ್ಲಿ ಆ ನಿಧಾನ ಎದ್ದು ಕಾಣುವುದು ಬುದ್ಧಿಯ ಎತ್ತರದ ಪಕ್ಕದಲ್ಲಿ ಅದು ನಿಂತಿರುವುದರಿಂದ. ಹಾಗೆಯೇ ಬುದ್ಧಿಯ ಬಲದಿಂದ ಕೈಯ ಕೊರತೆಯನ್ನು ಮುಚ್ಚಿಕೊಳ್ಳುವ ಮಕ್ಕಳೂ ಇದ್ದಾರೆ. ಅವರ ಕಷ್ಟ ಬರವಣಿಗೆಯ ಭಾರ ಹೆಚ್ಚಾಗುವ ಮೇಲಿನ ತರಗತಿಗಳವರೆಗೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಕೈಯ ಕಟ್ಟಡ

ಕೈ ತಡವಾಗಿ ಮಾತು ಕೇಳುವುದೇಕೆಂಬುದನ್ನು ತಿಳಿದರೆ ನಮ್ಮ ಸಿಟ್ಟು ತಾನಾಗಿ ತಗ್ಗುವುದು. ಮಣಿಕಟ್ಟಿನಲ್ಲಿ ಎಂಟು ಚಿಕ್ಕ ಎಲುಬುಗಳಿವೆ. ಕೂಸು ಹುಟ್ಟುವಾಗ ಅವು ಇನ್ನೂ ಎಲುಬಾಗಿರುವುದಿಲ್ಲ, ಮೆದುವಾದ ಮೃದ್ವಸ್ಥಿಯಾಗಿರುತ್ತವೆ. ವರ್ಷ ಕಳೆದಂತೆ ಒಂದೊಂದಾಗಿ ಗಟ್ಟಿಗೊಳ್ಳುತ್ತವೆ. ಕೊನೆಯ ಎಲುಬು ಗಟ್ಟಿಯಾಗತೊಡಗುವುದು ಸುಮಾರು ಎಂಟರಿಂದ ಹನ್ನೆರಡರ ವಯಸ್ಸಿನಲ್ಲಿ. ಈ ಕಟ್ಟಡಕ್ಕೆ ಮೆದುಳಿನ ಆಜ್ಞೆ ಬೇಕು. ಆ ಆಜ್ಞೆಯನ್ನು ಹದಗೊಳಿಸುವಲ್ಲಿ ತಲೆಯ ಹಿಂಭಾಗದ ಕಿರುಮೆದುಳಿಗೆ ದೊಡ್ಡ ಪಾತ್ರವಿದೆ. ಯಾವ ಬೆರಳು, ಎಷ್ಟು ಒತ್ತಡ, ಯಾವ ಕ್ಷಣ ಎಂಬುದು ನೂರಾರು ಸಲ ತಪ್ಪಿ, ತಿದ್ದಿಕೊಂಡು, ಕೊನೆಗೆ ಯೋಚಿಸದೆ ನಡೆಯುವಂತಾಗುತ್ತದೆ.

ಬರವಣಿಗೆ ಹಾಗೆ ತಾನಾಗಿ ನಡೆಯುವ ಹಂತಕ್ಕೆ ಬರುವವರೆಗೂ ಮಗುವಿನ ಗಮನವೆಲ್ಲ ಅಕ್ಷರದ ಆಕಾರಕ್ಕೇ ಸಂದುಹೋಗುತ್ತದೆ. ಹೇಳಬೇಕಾದ ವಿಷಯಕ್ಕೆ ಗಮನ ಉಳಿಯದು. ನಮ್ಮ ಕನ್ನಡ ಲಿಪಿಯನ್ನೇ ನೋಡಿರಿ. ಒಂದು ಅಕ್ಷರಕ್ಕೆ ತಲೆಕಟ್ಟು, ಗುಡಿಸು, ಕೊಂಬು, ಕೆಳಗೊಂದು ಒತ್ತು. ಎಲ್ಲವೂ ದುಂಡು, ಎಲ್ಲಕ್ಕೂ ತನ್ನದೇ ಆದ ಎಡೆ. 'ಲಕ್ಷ್ಮಿ' ಎಂದು ಬರೆಯುವಾಗ ಮಗುವಿನ ಕೈ ಎಷ್ಟು ಸಲ ಮೇಲಕ್ಕೂ ಕೆಳಕ್ಕೂ ಹೋಗಿಬರಬೇಕೆಂಬುದನ್ನು ಒಮ್ಮೆ ತಾವೇ ನಿಧಾನವಾಗಿ ಬರೆದು ಎಣಿಸಿರಿ. ಇದರ ಮೇಲೆ ಇಂಗ್ಲಿಷ್ ಬರುತ್ತದೆ, ನಾಲ್ಕು ಗೆರೆಗಳ ನಡುವೆ ಕೂಡಿ ಓಡುವ ಅಕ್ಷರಗಳೊಂದಿಗೆ. ಆಮೇಲೆ ಹಿಂದಿ, ಮೇಲಿನ ಗೆರೆಗೆ ತೂಗುಬಿದ್ದ ಅಕ್ಷರಗಳೊಂದಿಗೆ. ಬೆಳಗಾವಿ, ಖಾನಾಪುರಗಳ ನೆರೆಮನೆಯ ಮರಾಠಿ ಮಕ್ಕಳಿಗೆ ಇದೇ ಸರದಿ ಬೇರೆ ಕ್ರಮದಲ್ಲಿ ಬರುತ್ತದೆ. ನಮ್ಮ ಗಡಿನಾಡಿನ ಮಗುವಿನ ಕೈ ಎಳೆಯ ವಯಸ್ಸಿನಲ್ಲಿಯೇ ಮೂರು ಲಿಪಿಗಳ ಮೂರು ಬಗೆಯ ನಡಿಗೆಯನ್ನು ಕಲಿಯಬೇಕಾಗಿದೆ. ಬಾಯಿ ಮೂರು ಭಾಷೆಗಳನ್ನು ಆಟವಾಡುತ್ತ ಕಲಿತುಬಿಡುತ್ತದೆ. ಕೈಗೆ ಅಷ್ಟು ಸುಲಭವಿಲ್ಲ.

ಶರಣರ ಕೈಗಳು

ಈ ಸಂಗತಿಗೆ ನಮ್ಮ ಧರ್ಮದ ಬೆಳಕಿನಲ್ಲಿ ಏನು ಹೇಳಬಹುದು? ಮೊದಲನೆಯದಾಗಿ, ಶರಣಧರ್ಮವು ಅರಿವನ್ನು ವಯಸ್ಸಿನಿಂದ ಅಳೆಯಲಿಲ್ಲ. ಚೆನ್ನಬಸವಣ್ಣನವರು ಕಿರಿಯ ವಯಸ್ಸಿನಲ್ಲಿಯೇ ಹಿರಿಯ ಶರಣರಿಂದ ಜ್ಞಾನಿಯೆಂದು ಮನ್ನಣೆ ಪಡೆದರು. ಹೊರಗಿನ ಚಹರೆಯಿಂದಲೂ ಅಳೆಯಲಿಲ್ಲ. ಸೊನ್ನಲಿಗೆಯ ಸಿದ್ಧರಾಮರನ್ನು ಬಾಲ್ಯದಲ್ಲಿ ಮನೆಯವರೇ ಮಂಕುಮಗುವೆಂದು ಬಗೆದು ಕರು ಕಾಯಲು ಕಳುಹಿದರೆಂಬುದು ಅವರ ಚರಿತೆಯಲ್ಲಿ ಬರುತ್ತದೆ. ಆ ಕರು ಕಾಯುವ ಹುಡುಗನೇ ಮುಂದೆ ಸೊಲ್ಲಾಪುರದಲ್ಲಿ ಕೆರೆ ಕಟ್ಟಿಸಿದ ಶಿವಯೋಗಿಯಾದನು. ಹೊರಗೆ ಕಾಣುವ ಮಂದಗತಿಯಿಂದ ಒಳಗಿನ ಬೆಳಕನ್ನು ಅಳೆಯಬಾರದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಎರಡನೆಯದಾಗಿ, ಅದೇ ಶರಣಧರ್ಮವು ಅರಿವುಳ್ಳವನಿಗೆ ಕೈಕೆಲಸದಿಂದ ವಿನಾಯಿತಿ ಕೊಡಲಿಲ್ಲ. ನುಲಿಯ ಚಂದಯ್ಯ ಹಗ್ಗ ಹೊಸೆದನು, ಮೇದಾರ ಕೇತಯ್ಯ ಬಿದಿರು ಸೀಳಿ ಬುಟ್ಟಿ ಹೆಣೆದನು, ಮಡಿವಾಳ ಮಾಚಯ್ಯ ಬಟ್ಟೆ ಒಗೆದನು. ಅವರಿಗೂ ಮುಂಚಿನ ಜೇಡರ ದಾಸಿಮಯ್ಯ ಮಗ್ಗದ ಮುಂದೆ ಕುಳಿತು ಲಾಳಿ ಎಸೆದನು. ಕೈಮಗ್ಗವನ್ನು ಕಂಡವರು ಬಲ್ಲರು: ಕಾಲು ತುಳಿಯಬೇಕು, ಒಂದು ಕೈ ಲಾಳಿ ಓಡಿಸಬೇಕು, ಇನ್ನೊಂದು ಕೈ ಹೊಕ್ಕನ್ನು ಬಿಗಿಯಬೇಕು, ಕಣ್ಣು ಹಾಸಿನ ಒಂದೊಂದು ಎಳೆಯ ಮೇಲಿರಬೇಕು. ಬೆಳಗಾವಿಯ ವಡಗಾವಿ, ಖಾಸಬಾಗಗಳ ನೇಕಾರರ ಮನೆಗಳಲ್ಲಿ ತಲೆಮಾರುಗಳಿಂದ ಈ ವಿದ್ಯೆ ಬಾಯಿಪಾಠದಿಂದ ಬಂದುದಲ್ಲ, ಮೈಪಾಠದಿಂದ ಬಂದುದು. ಇಂದು ವಿದ್ಯುತ್ ಮಗ್ಗಗಳು ಹೆಚ್ಚಾಗಿದ್ದರೂ ಕಡಿದ ಎಳೆಯನ್ನು ಹುಡುಕಿ ಗಂಟಿಕ್ಕುವ ಬೆರಳು ಮನುಷ್ಯನದೇ.

ಖಾನಾಪುರದ ಮಣ್ಣಿಗೂ ಇಲ್ಲಿ ಮಾತುಂಟು. ಹಂಚು, ಇಟ್ಟಿಗೆ, ಗಡಿಗೆಗಳಿಗೆ ಹೆಸರಾದ ಊರದು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗವು ಕುಂಬಾರಿಕೆಯ ತರಬೇತಿಗಾಗಿ ಕೇಂದ್ರ ಸಂಸ್ಥೆಯನ್ನು ನೆಲೆಗೊಳಿಸಿದುದು ಖಾನಾಪುರದಲ್ಲಿಯೇ. ತಿಗರಿಯ ಮೇಲೆ ಮಣ್ಣಿನ ಮುದ್ದೆಯನ್ನು ನಟ್ಟನಡುವೆ ನಿಲ್ಲಿಸುವುದು ಕುಂಬಾರಿಕೆಯ ಮೊದಲ ಪಾಠ. ಅದನ್ನು ಎಷ್ಟೇ ವಿವರಿಸಿ ಹೇಳಿದರೂ ಕೇಳಿದವನಿಗೆ ಬಾರದು. ಎಷ್ಟೇ ಬುದ್ಧಿವಂತನಾದರೂ ಮೊದಲ ದಿನ ಮುದ್ದೆ ಓಲಾಡುತ್ತದೆ, ಗೋಡೆ ಕುಸಿಯುತ್ತದೆ. ಅಂಗೈ ತಾನೇ ಮಣ್ಣಿನಿಂದ ಪಾಠ ಹೇಳಿಸಿಕೊಳ್ಳಬೇಕು. ಹರಿಹರ ಕವಿ ಒಂದು ರಗಳೆಯನ್ನೇ ಮೀಸಲಿರಿಸಿದ ಕುಂಬಾರ ಗುಂಡಯ್ಯ ಗಡಿಗೆ ತಟ್ಟಿದ ತಾಳಕ್ಕೆ ಶಿವನೇ ಕುಣಿದನೆಂಬ ಕಥೆಯನ್ನು ನಾವೆಲ್ಲ ಕೇಳಿದ್ದೇವೆ. ಆ ತಾಳ ಒಂದೇ ದಿನದಲ್ಲಿ ಕೈಗೆ ಬಂದಿರಲಾರದೆಂಬುದನ್ನು ಮಾತ್ರ ನಾವು ಮರೆಯುತ್ತೇವೆ.

ನಿತ್ಯದ ಇಷ್ಟಲಿಂಗ ಪೂಜೆಯನ್ನೇ ಗಮನಿಸಿರಿ. ಎಡದ ಅಂಗೈ ಲಿಂಗಕ್ಕೆ ಪೀಠವಾಗಿ ಅಲುಗದೆ ನಿಲ್ಲಬೇಕು. ಬಲಗೈ ಜಲವೆರೆದು, ಭಸ್ಮ ಧರಿಸಿ, ಪತ್ರೆ ಪುಷ್ಪಗಳನ್ನೇರಿಸಬೇಕು. ಬೆನ್ನು ನೆಟ್ಟಗಿರಬೇಕು, ದೃಷ್ಟಿ ಲಿಂಗದಲ್ಲಿ ನಿಲ್ಲಬೇಕು. ಪೂಜೆಯು ವ್ಯಾಯಾಮವೂ ಅಲ್ಲ, ಚಿಕಿತ್ಸೆಯೂ ಅಲ್ಲ. ಅದನ್ನು ಹಾಗೆ ಬಳಸುವುದೂ ಸಲ್ಲ. ಆದರೆ ಅರಿವು ಅಂಗದ ಮೂಲಕವೇ ಆಚಾರವಾಗಬೇಕೆಂಬ ತತ್ತ್ವವನ್ನು ನಮ್ಮ ಹಿರಿಯರು ಅಂಗೈಯಲ್ಲಿಯೇ ಇರಿಸಿಕೊಟ್ಟಿದ್ದಾರೆ. ಎಳೆಯರು ಪೂಜೆಗೆ ಕುಳಿತಾಗ ನೀರು ಚೆಲ್ಲಿದರೆ, ಪತ್ರೆ ಜಾರಿದರೆ ಗದರಬೇಡಿರಿ. ಆ ಕೈ ಕಲಿಯುತ್ತಿದೆ.

ಇದೇ ಪ್ರಸಂಗದಲ್ಲಿ ಇನ್ನೊಂದು ಮಾತು. ಎಡಗೈಯಿಂದ ಬರೆಯುವ ಮಕ್ಕಳನ್ನು ಬಲಗೈಗೆ ತಿರುಗಿಸಲು ಕೆಲವು ಮನೆಗಳಲ್ಲಿ ಇಂದಿಗೂ ಬೈಗುಳ, ಪೆಟ್ಟುಗಳು ನಡೆಯುತ್ತವೆ. ಎಡಗೈಯ ಒಲವು ಹುಟ್ಟಿನಿಂದ ಬಂದುದು. ಬಲವಂತವಾಗಿ ತಿರುಗಿಸಿದರೆ ಇರುವ ಸರಾಗವೂ ಕೆಡುವುದು. ಸಾಕ್ಷಾತ್ ಇಷ್ಟಲಿಂಗಕ್ಕೆ ಎಡದ ಅಂಗೈಯನ್ನೇ ಪೀಠವಾಗಿಸಿದ ನಾವು ಎಡಗೈಯನ್ನು ಹೀನವೆಂದು ಬಗೆಯುವುದು ಯಾವ ನ್ಯಾಯ?

ಎರಡು ಬಗೆಯ ತಪ್ಪು ಪ್ರೀತಿ

ಜಾಣ ಮಗುವಿನ ಮನೆಯಲ್ಲಿ ಎರಡು ಬಗೆಯ ತಪ್ಪುಗಳು ನಡೆಯುವುದನ್ನು ಕಾಣುತ್ತೇವೆ. ಒಂದು, ಕೈಯ ನಿಧಾನವನ್ನು ಗುಣದ ದೋಷವೆಂದು ತಿಳಿದು ದಂಡಿಸುವುದು. 'ಅಕ್ಷರ ಗುಂಡಾಗಿ ಬರುವವರೆಗೆ ಊಟವಿಲ್ಲ' ಎನ್ನುವುದು, ಒಂದೇ ಪಾಠವನ್ನು ಹತ್ತು ಸಲ ಬರೆಸುವುದು, ಅಡಿಪಟ್ಟಿಯಿಂದ ಬೆರಳ ಗಂಟಿಗೆ ಹೊಡೆಯುವುದು. ದಣಿದ ಕೈಗೆ ದಣಿವನ್ನೇ ಮದ್ದಾಗಿ ಕೊಟ್ಟರೆ ಗುಣವಾಗುವುದುಂಟೆ? ಶಾಲೆಯಲ್ಲಿ ಮಗುವಿಗೆ ದೈಹಿಕ ಶಿಕ್ಷೆಯನ್ನಾಗಲಿ ಮಾನಸಿಕ ಹಿಂಸೆಯನ್ನಾಗಲಿ ಕೊಡುವುದನ್ನು ೨೦೦೯ರ ಶಿಕ್ಷಣ ಹಕ್ಕು ಅಧಿನಿಯಮದ ೧೭ನೆಯ ಕಲಮು ನಿಷೇಧಿಸಿದೆ. ಮನೆಯಲ್ಲಿ ಆ ಕಾನೂನನ್ನು ದಯೆಯೇ ಜಾರಿಗೆ ತರಬೇಕು.

ಇನ್ನೊಂದು ತಪ್ಪು ಪ್ರೀತಿಯ ವೇಷದಲ್ಲಿ ಬರುತ್ತದೆ. 'ಅವನು ಓದಲಿ, ಅವನಿಗೇಕೆ ಈ ಕೆಲಸ?' ಎಂದು ಅಜ್ಜಿ ತುತ್ತು ಮಾಡಿ ಉಣಿಸುವಳು, ತಾಯಿ ಗುಂಡಿ ಹಾಕುವಳು, ಅಕ್ಕ ಚೀಲ ತುಂಬುವಳು. ಆಟದ ಬಯಲಿಗೆ ಹೋಗಿ ಸೋತು ಬರುವುದಕ್ಕಿಂತ ಮನೆಯಲ್ಲಿ ಪುಸ್ತಕ ಹಿಡಿದಿರಲಿ ಎಂದು ತಂದೆ ಬಗೆಯುವನು. ಈಗ ಪುಸ್ತಕದ ಜಾಗಕ್ಕೆ ಮೊಬೈಲು ಬಂದಿದೆ. ಬುಗುರಿ, ಗೋಲಿ, ಲಗೋರಿ, ಚಿನ್ನಿದಾಂಡು, ಕುಂಟಾಟ, ಕಲ್ಲಾಟಗಳಲ್ಲಿ ಹಿಂದಿನ ಮಕ್ಕಳ ಬೆರಳು, ಮಣಿಕಟ್ಟು, ತೋಳು, ಕಾಲುಗಳು ತಮಗರಿವಿಲ್ಲದೆ ಸಾವಿರ ಸಲ ಅಭ್ಯಾಸ ಮಾಡುತ್ತಿದ್ದವು. ಆ ಅಭ್ಯಾಸವನ್ನು ಕಸಿದುಕೊಂಡು, ಆಮೇಲೆ ಕೈ ಬಾರದೆಂದು ಮಗುವನ್ನು ದೂರುವುದು ನ್ಯಾಯವಲ್ಲ. ಮೊದಲನೆಯ ತಪ್ಪು ಮಗುವಿನ ಮನಸ್ಸನ್ನು ಮುರಿಯುವುದು. ಎರಡನೆಯದು ಅದರ ಕೈಯನ್ನು ಎಂದೆಂದಿಗೂ ಪರಾಧೀನವಾಗಿಸುವುದು.

ಬೆಳಗಾವಿಗೆ ಮಹಾತ್ಮಾ ಗಾಂಧೀಜಿಯವರು ಬಂದು ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆ ವಹಿಸಿದುದು ೧೯೨೪ರ ಡಿಸೆಂಬರಿನಲ್ಲಿ. ಅವರು ಅಧ್ಯಕ್ಷರಾದ ಅಧಿವೇಶನ ಅದೊಂದೇ. ಅವರ ಆತ್ಮಕಥೆಯನ್ನು ಓದಿದವರಿಗೆ ಅವರ ಕೈಬರಹದ ಪ್ರಸಂಗ ನೆನಪಿದ್ದೀತು. ಎಳೆಯ ವಯಸ್ಸಿನಲ್ಲಿ ಬರಹವನ್ನು ಅಲಕ್ಷಿಸಿದುದಕ್ಕಾಗಿ ಅವರು ಮುಂದೆ ಬಹಳ ವ್ಯಥೆಪಟ್ಟರು. ಮಕ್ಕಳಿಗೆ ಅಕ್ಷರ ಬರೆಯಿಸುವುದಕ್ಕೆ ಮುನ್ನ ಚಿತ್ರ ಬರೆಯುವುದನ್ನು ಕಲಿಸಬೇಕೆಂಬ ನಿರ್ಣಯಕ್ಕೆ ಬಂದರು. ಅದೇ ಗಾಂಧೀಜಿಯವರು ೧೯೦೯ರಲ್ಲಿ ಹಡಗಿನಲ್ಲಿ ಕುಳಿತು 'ಹಿಂದ್ ಸ್ವರಾಜ್' ಬರೆಯುವಾಗ ಬಲಗೈ ಸೋತುದರಿಂದ ಸುಮಾರು ೪೦ ಪುಟಗಳನ್ನು ಎಡಗೈಯಿಂದ ಬರೆದರು. ೧೯೩೭ರಲ್ಲಿ ವಾರ್ಧಾದಲ್ಲಿ ಅವರು ಮುಂದಿಟ್ಟ ಮೂಲಶಿಕ್ಷಣದ ತಿರುಳು ಕೈಕಸುಬಿನ ಮೂಲಕ ವಿದ್ಯೆ ಎಂಬುದೇ. ಬರಹ ಚೆನ್ನಿಲ್ಲದವನು ಮಹಾತ್ಮನಾಗಬಲ್ಲನೆಂಬುದು ಒಂದು ಪಾಠ. ಆದರೂ ಕೈಯ ಶಿಕ್ಷಣವನ್ನು ಆತ ಹಗುರವೆಣಿಸಲಿಲ್ಲವೆಂಬುದು ಅದಕ್ಕಿಂತ ಹಿರಿಯ ಪಾಠ.

ನಮ್ಮ ನೆಲದ ಇನ್ನೊಂದು ನಿದರ್ಶನವನ್ನೂ ಹೇಳಬೇಕು. ಬೆಳಗಾವಿಯ ಸಮೀಪದ ಸುಳೇಭಾವಿಯಲ್ಲಿ ೧೯೨೪ರಲ್ಲಿ ಹುಟ್ಟಿದ ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠ ಎಂಬ ಬಾಲಕ ಹಿರಿಯ ಗಾಯಕರ ಧ್ವನಿಮುದ್ರಿಕೆಗಳನ್ನು ಕೇಳಿ ಹಾಗೆಯೇ ಹಾಡುತ್ತ ಜನರನ್ನು ಬೆರಗುಗೊಳಿಸಿದನು. ಅವನೇ ಕುಮಾರ ಗಂಧರ್ವ. ಅಂಥ ಬಾಲಪ್ರತಿಭೆಯೂ ಮುಂಬಯಿಯಲ್ಲಿ ಬಿ.ಆರ್. ದೇವಧರ ಅವರ ಬಳಿ ವರ್ಷಗಳ ಕಾಲ ಕುಳಿತು ಕಲಿಯಬೇಕಾಯಿತು. ಕೊರಳೂ ಕೈಯಂತೆ ಅಂಗವೇ. ಬುದ್ಧಿಗೆ ಕಂಡುದನ್ನು ಅಂಗಕ್ಕೆ ಇಳಿಸಲು ಸಾಧನೆ ಬೇಕು. ಪ್ರತಿಭೆಯು ಸಾಧನೆಯ ಹಾದಿಯನ್ನು ತೋರುವುದೇ ಹೊರತು ಹಾದಿಯನ್ನು ಇಲ್ಲವಾಗಿಸುವುದಿಲ್ಲ.

ಮನೆಯಲ್ಲಿ ಮಾಡತಕ್ಕವು

ಇನ್ನು ಸದ್ಭಕ್ತರ ಮನೆಗಳಲ್ಲಿ ಏನು ಮಾಡಬಹುದೆಂಬುದನ್ನು ಹೇಳುತ್ತೇವೆ. ಮೊದಲು ಮಗುವಿನೊಡನೆ ಸತ್ಯವನ್ನಾಡಿರಿ. 'ನಿನ್ನ ಬುದ್ಧಿ ಮುಂದೆ ಹೋಗಿದೆ, ಕೈ ಹಿಂದೆ ಬರುತ್ತಿದೆ, ಎರಡೂ ನಿನ್ನವೇ, ಕೈಗೆ ಸ್ವಲ್ಪ ಕಾಲ ಕೊಡೋಣ' ಎಂದರೆ ಜಾಣ ಮಗು ತಟ್ಟನೆ ಅರ್ಥಮಾಡಿಕೊಳ್ಳುವುದು. ತಾನು ಕೆಟ್ಟವನಲ್ಲವೆಂದು ತಿಳಿದ ಮಗುವಿನ ಅರ್ಧ ಭಾರ ಅಲ್ಲಿಯೇ ಇಳಿಯುವುದು.

ಆಮೇಲೆ ಮನೆಯ ಕಾಯಕದಲ್ಲಿ ಅದಕ್ಕೊಂದು ಪಾಲು ಕೊಡಿರಿ. ಬೆಳ್ಳುಳ್ಳಿ ಸುಲಿಯುವುದು, ಹಿಟ್ಟು ನಾದುವುದು, ರೊಟ್ಟಿ ಬಡಿಯುವುದು, ಬತ್ತಿ ಹೊಸೆಯುವುದು, ಹೂ ಕಟ್ಟುವುದು, ರಂಗೋಲಿ ಹಾಕುವುದು, ಒಗೆದ ಬಟ್ಟೆ ಹಿಂಡುವುದು. ಇವು ಬೆರಳು, ಅಂಗೈ, ತೋಳುಗಳಿಗೆ ಬಲ ಕೊಡುವ ಕೆಲಸಗಳು. ಗಂಡುಮಕ್ಕಳಿಗೆ ಇವು ಸಲ್ಲವೆಂಬ ಭಾವನೆಯನ್ನು ಬಿಡಿರಿ. ಖಾನಾಪುರದ ಕಡೆಗೆ ಹೋದಾಗ ಒಂದು ಬುಟ್ಟಿ ಹದವಾದ ಕುಂಬಾರರ ಮಣ್ಣನ್ನು ತಂದು ಮಕ್ಕಳ ಮುಂದಿಡಿರಿ. ಅಂಗಡಿಯ ಬೆಲೆಬಾಳುವ ಆಟಿಕೆಗಳಿಗಿಂತ ಅದು ಮೇಲು.

ಆದರೆ ಒಂದು ಎಚ್ಚರ. ಅಂಗಚಲನೆಯ ಕುರಿತು ಈಚಿನ ದಶಕಗಳಲ್ಲಿ ನಡೆದ ಅಧ್ಯಯನಗಳು ಒಂದು ಸಂಗತಿಯನ್ನು ಸ್ಪಷ್ಟಪಡಿಸಿವೆ: ಯಾವ ಕೆಲಸ ಬರಬೇಕೋ ಆ ಕೆಲಸವನ್ನೇ ಮಾಡಿ ಕಲಿಯುವುದು ಎಲ್ಲಕ್ಕಿಂತ ಫಲಕಾರಿ. ಮಣ್ಣು ನಾದುವುದರಿಂದ ಕೈಗೆ ಬಲ ಬಂದೀತು. ಗುಂಡಿ ಹಾಕಲು ಬರಬೇಕಾದರೆ ಗುಂಡಿಯನ್ನೇ ಹಾಕಬೇಕು. ಮೊದಲು ತೊಡೆಯ ಮೇಲೆ ಹರಡಿದ ಅಂಗಿಯ ದೊಡ್ಡ ಗುಂಡಿ, ಆಮೇಲೆ ಮೈಮೇಲಿನ ಚಿಕ್ಕ ಗುಂಡಿ. ಬರವಣಿಗೆಯೂ ಹಾಗೆಯೇ. ದಿನಕ್ಕೆ ಹತ್ತು ಹದಿನೈದು ನಿಮಿಷ ಸಾಕು, ಆದರೆ ದಿನವೂ ಬೇಕು. ಮೊದಲು ಪಾಟಿಯ ಮೇಲೆ ದೊಡ್ಡದಾಗಿ, ಆಮೇಲೆ ಅಗಲ ಗೆರೆಯ ಕಾಗದದಲ್ಲಿ. ಪಾದಗಳು ನೆಲಕ್ಕೆ ಊರಿರಲಿ, ಮೊಣಕೈಗೆ ಆಸರೆಯಿರಲಿ, ಕಾಗದ ಸ್ವಲ್ಪ ಓರೆಯಾಗಿರಲಿ. ಐದು ಸಾಲು ಬರೆದರೆ ಅದರಲ್ಲಿ ಚೆನ್ನಾಗಿ ಬಂದ ಅಕ್ಷರ ಯಾವುದೆಂದು ಮಗುವೇ ಗುರುತಿಸಲಿ. ಈ ಮಕ್ಕಳಿಗೆ ವಿಮರ್ಶೆ ಚೆನ್ನಾಗಿ ಬರುತ್ತದೆ. ಅದನ್ನು ಹರಿದು ಎಸೆಯುವುದಕ್ಕೆ ಬಿಡದೆ ತಿದ್ದಿಕೊಳ್ಳುವುದಕ್ಕೆ ತಿರುಗಿಸಬೇಕು.

ಕೈ ಕಲಿಯುವವರೆಗೆ ಬುದ್ಧಿಯನ್ನು ಕಾಯಿಸಿಡಬಾರದು. ಬರೆಯಲಾರದ ಮಗು ಹೇಳಲಿ, ಹಿರಿಯರು ಬರೆದುಕೊಳ್ಳಲಿ. ನಮ್ಮ ಶಿಕ್ಷಕ ಬಂಧುಗಳಲ್ಲಿಯೂ ಇದೇ ಬಿನ್ನಹ: ಉತ್ತರದ ಸತ್ಯವನ್ನೂ ಅಕ್ಷರದ ಅಂದವನ್ನೂ ಬೇರೆ ಬೇರೆಯಾಗಿ ಅಳೆಯಿರಿ. ಒಂದು ಪ್ರಶ್ನೆಗಾದರೂ ಬಾಯಿಮಾತಿನ ಉತ್ತರಕ್ಕೆ ಎಡೆಕೊಡಿರಿ. ಆಟದಲ್ಲಿ ಚೆಂಡಿನ ಆಟವೇ ಆಗಬೇಕೆಂದಿಲ್ಲ. ಈಜು, ಸೈಕಲ್ಲು, ಬೆಟ್ಟ ಹತ್ತುವುದು, ಯೋಗಾಸನ ಇವುಗಳಲ್ಲಿ ಮಗು ತನ್ನ ನಿನ್ನೆಯನ್ನು ಮೀರಿದರೆ ಸಾಕು.

ವೈದ್ಯರ ಬಳಿಗೆ ಎಂದು?

ಎಲ್ಲ ನಿಧಾನವೂ ಕಾಲಕ್ರಮದಲ್ಲಿ ಸರಿಹೋಗುವುದಿಲ್ಲ. ಶಾಲೆಗೆ ಹೋಗುವ ವಯಸ್ಸಿನ ನೂರು ಮಕ್ಕಳಲ್ಲಿ ಸುಮಾರು ಐದಾರು ಮಕ್ಕಳಿಗೆ ಅಂಗಚಲನೆಯ ಹೊಂದಾಣಿಕೆಯ ದೋಷವಿರುತ್ತದೆಂದು ವೈದ್ಯಶಾಸ್ತ್ರ ಹೇಳುತ್ತದೆ. ಇದನ್ನು ಡಿಸ್‌ಪ್ರಾಕ್ಸಿಯಾ ಎಂದೂ ಕರೆಯುವುದುಂಟು. ಬರವಣಿಗೆಗಷ್ಟೇ ಸೀಮಿತವಾದ ತೊಡಕಿಗೆ ಡಿಸ್‌ಗ್ರಾಫಿಯಾ ಎನ್ನುತ್ತಾರೆ. ಇವು ಬುದ್ಧಿಯ ಕೊರತೆಯಲ್ಲ. ಅತಿ ಜಾಣ ಮಕ್ಕಳಲ್ಲಿಯೂ ಇರಬಲ್ಲವು. ಉಡುವುದು, ಉಣ್ಣುವುದು, ಬರೆಯುವುದು, ಆಡುವುದು ಎಲ್ಲದರಲ್ಲಿಯೂ ಮಗು ಓರಗೆಯವರಿಗಿಂತ ಬಹಳ ಹಿಂದುಳಿದು, ಅಭ್ಯಾಸ ಮಾಡಿಸಿದರೂ ಮುಂದುವರಿಯದಿದ್ದರೆ, ಬರೆಯುವಾಗ ಕೈ ನೋಯುವುದೆಂದು ಅತ್ತರೆ, ಶಾಲೆಯ ದಿನ ಬೆಳಿಗ್ಗೆ ಹೊಟ್ಟೆನೋವೆಂದು ಪದೇ ಪದೇ ಹೇಳಿದರೆ, ಮಕ್ಕಳ ವೈದ್ಯರನ್ನು ಕಾಣಬೇಕು. ಕಣ್ಣಿನ ಪರೀಕ್ಷೆಯೂ ಆಗಲಿ. ಮೊದಲು ಬರುತ್ತಿದ್ದ ಕೆಲಸ ಈಗ ಬಾರದಂತಾದರೆ ಒಂದು ದಿನವೂ ತಡಮಾಡಬಾರದು.

೨೦೧೩ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯರ ತಂಡಗಳು ಅಂಗನವಾಡಿಗಳಿಗೆ ವರ್ಷಕ್ಕೆರಡು ಬಾರಿಯೂ ಸರ್ಕಾರಿ ಹಾಗೂ ಅನುದಾನಿತ ಶಾಲೆಗಳಿಗೆ ವರ್ಷಕ್ಕೊಮ್ಮೆಯೂ ಬಂದು ತಪಾಸಣೆ ಮಾಡಬೇಕೆಂಬ ಏರ್ಪಾಡಿದೆ. ಚಲನೆಯ ವಿಳಂಬವನ್ನು ಗುರುತಿಸುವುದೂ ಅದರಲ್ಲಿ ಸೇರಿದೆ. ಹಳ್ಳಿಯ ತಾಯಂದಿರು ಆ ದಿನ ಮಗುವನ್ನು ತಪ್ಪಿಸದೆ ಕಳುಹಿ, ತಮ್ಮ ಸಂಶಯವನ್ನು ಬಾಯಿಬಿಟ್ಟು ಹೇಳಬೇಕು. ಬೆಳಗಾವಿಯ ದೊಡ್ಡ ಆಸ್ಪತ್ರೆಗಳಲ್ಲಿ ಮಕ್ಕಳ ವೈದ್ಯರೂ ಫಿಜಿಯೋಥೆರಪಿ ಬಲ್ಲವರೂ ಇದ್ದಾರೆ. ಉಡುವ, ಉಣ್ಣುವ, ಬರೆಯುವ ನಿತ್ಯದ ಕೆಲಸಗಳನ್ನೇ ಹಂತಹಂತವಾಗಿ ಕಲಿಸುವವರಿಗೆ ಆಕ್ಯುಪೇಷನಲ್ ಥೆರಪಿಸ್ಟ್ ಎಂಬ ಹೆಸರಿದೆ. ಅವರ ವಿದ್ಯೆಯನ್ನು ನಾವು ಕಾಯಕ ಚಿಕಿತ್ಸೆಯೆಂದು ಕರೆದರೆ ತಪ್ಪಾಗಲಾರದು.

೨೦೧೬ರ ಅಂಗವಿಕಲರ ಹಕ್ಕುಗಳ ಅಧಿನಿಯಮವು ಗುರುತಿಸಿದ ೨೧ ಬಗೆಯ ನ್ಯೂನತೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಒಂದು. ಡಿಸ್‌ಗ್ರಾಫಿಯಾ, ಡಿಸ್‌ಪ್ರಾಕ್ಸಿಯಾಗಳ ಹೆಸರು ಅದರಡಿಯಲ್ಲಿ ಬಂದಿದೆ. ನಿಯಮದಂತೆ ಪ್ರಮಾಣಪತ್ರ ಪಡೆದ ಮಕ್ಕಳಿಗೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆಯುವವರ ನೆರವು ಮುಂತಾದ ಸೌಲಭ್ಯಗಳುಂಟು. 'ನಮ್ಮ ಮನೆತನದಲ್ಲಿ ಇಂಥದಿಲ್ಲ' ಎಂಬ ಬಿಂಕದಿಂದ ಮಗುವಿನ ಹಕ್ಕನ್ನು ಕಳೆಯಬಾರದು. ಕಣ್ಣಿಗೆ ಕನ್ನಡಕ ಹಾಕಿಸುವಾಗ ನಾಚದ ನಾವು ಕೈಗೆ ಆಸರೆ ಕೊಡಿಸುವಾಗ ನಾಚುವುದೇಕೆ?

ಖಾನಾಪುರದ ಆ ತಾಯಿಗೆ ನಾವು ಹೇಳಿದುದು ಇಷ್ಟೇ: ಮಗನನ್ನು ವೈದ್ಯರಿಗೆ ತೋರಿಸಿರಿ, ಮನೆಯಲ್ಲಿ ದಿನಕ್ಕೆ ಕಾಲು ತಾಸು ಅವನ ಕೈಗೆ ಕೊಡಿರಿ, ಅಲ್ಲಿಯವರೆಗೆ ಅವನು ಬಲ್ಲುದನ್ನು ಬಾಯಿಂದ ಹೇಳಿಸಿ ಕೇಳಿರಿ, 'ಗೊತ್ತಿಲ್ಲ' ಎಂಬ ಸುಳ್ಳನ್ನಾಡುವ ಅಗತ್ಯ ಅವನಿಗೆ ಬಾರದಿರಲಿ. ಓದುಗ ಬಂಧುಗಳಲ್ಲಿಯೂ ಅದೇ ಪ್ರಾರ್ಥನೆ. ತಮ್ಮ ಮನೆಯ ಜಾಣ ಮಗು ಇಂದು ಸಂಜೆ ಗುಂಡಿ ಹಾಕಿಕೊಳ್ಳಲು ತಡಮಾಡಿದರೆ ಅದರ ಕೈ ತಳ್ಳಿ ತಾವೇ ಹಾಕಬೇಡಿರಿ, ಗದರಲೂ ಬೇಡಿರಿ. ಪಕ್ಕದಲ್ಲಿ ಕುಳಿತು ಎರಡು ನಿಮಿಷ ಕಾಯಿರಿ. ಆ ಎರಡು ನಿಮಿಷದ ತಾಳ್ಮೆ ಒಂದು ದಾಸೋಹವೇ ಸರಿ.